ಮ್ಯಾಗ್ನೆಟ್‌ಗೆ ಅಂಟಿದ ಸ್ಟೀಲೆಲ್ಲ ಕಳಪೆಯಲ್ಲ: ಪಾತ್ರೆಗೆ, ಸೋಲಾರ್‌ಗೆ, ಆಲೆಮನೆಗೆ ಯಾವ ಸ್ಟೀಲು?

ಇತ್ತೀಚಿನ ಒಂದು ರೂಪಾಯಿ ನಾಣ್ಯವನ್ನು ಮ್ಯಾಗ್ನೆಟ್ ಹತ್ತಿರ ಹಿಡಿದು ನೋಡಿ. ಟಕ್ಕನೆ ಅಂಟಿಕೊಳ್ಳುತ್ತದೆ. ಅದರಲ್ಲಿರುವುದು ಶೇ. 83 ಕಬ್ಬಿಣ, ಶೇ. 17 ಕ್ರೋಮಿಯಂ. ನಿಕಲ್ ಹೆಸರಿಗೂ ಇಲ್ಲ. ಹಾಗಿದ್ದೂ ಅದು ಅಪ್ಪಟ ಸ್ಟೇನ್‌ಲೆಸ್ ಸ್ಟೀಲು. ಬೆವರಿನ ಕೈ, ಒದ್ದೆ ಜೇಬು, ದೇವಸ್ಥಾನದ ಹುಂಡಿ ಎಲ್ಲವನ್ನೂ ದಾಟಿ ಬಂದರೂ ತುಕ್ಕು ಹಿಡಿದ ನಾಣ್ಯ ಕೈಗೆ ಸಿಗುವುದು ಅಪರೂಪ.

ಮೈಸೂರಿನ ಪಾತ್ರೆ ಅಂಗಡಿಗಳಲ್ಲೂ ಮಂಡ್ಯದ ಫ್ಯಾಬ್ರಿಕೇಶನ್ ಶೆಡ್ಡುಗಳಲ್ಲೂ ಇಂದಿಗೂ ನಡೆಯುವ ಪರೀಕ್ಷೆ ಮಾತ್ರ ಒಂದೇ: ಮ್ಯಾಗ್ನೆಟ್ ಅಂಟಿದರೆ ಡೂಪ್ಲಿಕೇಟ್, ಅಂಟದಿದ್ದರೆ ಒರಿಜಿನಲ್. ಈ ಪರೀಕ್ಷೆ ಎರಡೂ ಕಡೆ ಕೈಕೊಡುತ್ತದೆ. ನಾಣ್ಯದಂಥ ಒಳ್ಳೆಯ ಸ್ಟೀಲು ಅದರಲ್ಲಿ ಫೇಲಾಗುತ್ತದೆ. ಮೊದಲ ಮಳೆಗಾಲಕ್ಕೇ ಕಂದು ಕಲೆ ಬಿಡುವ ಅಗ್ಗದ ರೇಲಿಂಗ್ ಪೈಪು ಆರಾಮಾಗಿ ಪಾಸಾಗುತ್ತದೆ. ಮ್ಯಾಗ್ನೆಟ್ ಹೇಳುವುದು ಲೋಹದ ಒಳಗೆ ಹರಳುಗಳು ಹೇಗೆ ಜೋಡಣೆಯಾಗಿವೆ ಎಂಬುದನ್ನು. ತುಕ್ಕು ಹಿಡಿಯುತ್ತದೋ ಇಲ್ಲವೋ ಎಂಬುದು ಬೇರೆಯದೇ ಲೆಕ್ಕ. ಆ ಸ್ಟೀಲಿಗೆ ಯಾವ ನೀರು ತಾಗುತ್ತದೆ, ಎಷ್ಟು ಉಪ್ಪಿದೆ, ಎಷ್ಟು ಬಿಸಿ ಎಂಬುದರ ಮೇಲೆ ಅದು ನಿಂತಿದೆ.

ತುಕ್ಕು ತಡೆಯುವುದು ಯಾವುದು?

ಕಬ್ಬಿಣಕ್ಕೆ ಕನಿಷ್ಠ ಶೇ. 10.5 ಕ್ರೋಮಿಯಂ ಸೇರಿದರೆ ಅದು ಸ್ಟೇನ್‌ಲೆಸ್ ಎನಿಸಿಕೊಳ್ಳುತ್ತದೆ. ಗಾಳಿಯ ಆಮ್ಲಜನಕ ತಾಗಿದ ಕೂಡಲೇ ಕ್ರೋಮಿಯಂ ಮೇಲ್ಮೈಯಲ್ಲಿ ಆಕ್ಸೈಡಿನ ಪದರ ಕಟ್ಟುತ್ತದೆ. ಅದರ ದಪ್ಪ ಎರಡು ಮೂರು ನ್ಯಾನೊಮೀಟರ್, ಕಣ್ಣಿಗೆ ಕಾಣುವ ಮಾತೇ ಇಲ್ಲ. ಗೀಚು ಬಿದ್ದರೆ ಅಲ್ಲಿ ಹೊಸ ಪದರ ತಾನಾಗಿ ಕಟ್ಟಿಕೊಳ್ಳುತ್ತದೆ, ಬಿಸಿ ಹಾಲಿನ ಕೆನೆ ತೆಗೆದಷ್ಟೂ ಮತ್ತೆ ಕಟ್ಟುವ ಹಾಗೆ. ಹಾಗೆ ಕಟ್ಟಲು ಆಮ್ಲಜನಕ ಬೇಕು, ಮೇಲ್ಮೈ ಚೊಕ್ಕಟವಾಗಿರಬೇಕು. ಮಣ್ಣು, ಜಿಡ್ಡು, ವಾಶರ್ ಅಡಿಯ ಸಂದು, ಸುಣ್ಣದ ಪೊರೆ ಇವುಗಳ ಕೆಳಗೆ ಗಾಳಿ ಆಡುವುದಿಲ್ಲ. ಸ್ಟೀಲು ಸೋಲುವುದು ಸಾಮಾನ್ಯವಾಗಿ ಅಂಥ ಜಾಗಗಳಲ್ಲೇ.

ಈ ಪದರದ ದೊಡ್ಡ ಶತ್ರು ಕ್ಲೋರೈಡ್. ಅಡುಗೆ ಉಪ್ಪು, ಬ್ಲೀಚಿಂಗ್ ಪೌಡರ್, ಬಾತ್‌ರೂಮ್ ತೊಳೆಯುವ ಆಸಿಡ್, ಗಡುಸು ಬೋರ್‌ವೆಲ್ ನೀರು ಎಲ್ಲದರಲ್ಲೂ ಅದಿದೆ. ಕ್ಲೋರೈಡ್ ಪದರವನ್ನು ಒಂದು ಚುಕ್ಕೆಯಷ್ಟು ಜಾಗದಲ್ಲಿ ಒಡೆದು ಒಳಕ್ಕೆ ಕೊರೆಯುತ್ತದೆ. ಹೊರಗೆ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ, ಒಳಗೆ ಆರಪಾರ ತೂತು. ಇದಕ್ಕೆ ಪಿಟ್ಟಿಂಗ್ ಎನ್ನುತ್ತಾರೆ. ಯಾವ ಸ್ಟೀಲು ಇದನ್ನು ಎಷ್ಟು ತಡೆಯುತ್ತದೆ ಎಂದು ಅಂದಾಜು ಮಾಡಲು ಒಂದು ಸರಳ ಸೂತ್ರವಿದೆ: ಕ್ರೋಮಿಯಂ ಶೇಕಡಾ, ಅದಕ್ಕೆ ಮಾಲಿಬ್ಡಿನಂ ಶೇಕಡಾದ 3.3 ಪಟ್ಟು, ನೈಟ್ರೋಜನ್ ಶೇಕಡಾದ 16 ಪಟ್ಟು ಕೂಡಿ. ಮೊತ್ತ ಹೆಚ್ಚಿದಷ್ಟೂ ತಡೆ ಹೆಚ್ಚು. 304 ಎಂಬ ಗ್ರೇಡಿನ ಸ್ಟೀಲಿಗೆ ಸುಮಾರು 19 ಬರುತ್ತದೆ, 316ಕ್ಕೆ 24, ಡ್ಯೂಪ್ಲೆಕ್ಸ್ 2205ಕ್ಕೆ 35. ಗಮನಿಸಿ, ಈ ಸೂತ್ರದಲ್ಲಿ ನಿಕಲ್ ಇಲ್ಲವೇ ಇಲ್ಲ.

ಕುಟುಂಬಗಳು

ಅಂಗಡಿಯಲ್ಲಿ ಹೆಚ್ಚು ಕೇಳಿಬರುವುದು 300 ಸರಣಿ. 304ರಲ್ಲಿ ಸುಮಾರು ಶೇ. 18 ಕ್ರೋಮಿಯಂ, ಶೇ. 8 ನಿಕಲ್. ಪಾತ್ರೆಯ ತಳದಲ್ಲಿ 18/8 ಎಂಬ ಮುದ್ರೆ ಕಂಡರೆ ಇದೇ ಲೆಕ್ಕ. ನಿಕಲ್ ಸೇರಿದಾಗ ಲೋಹ ಆಸ್ಟೆನೈಟ್ ಎಂಬ ಜೋಡಣೆಗೆ ಬರುತ್ತದೆ. ಆಗ ಮ್ಯಾಗ್ನೆಟ್ ಹಿಡಿಯುವುದಿಲ್ಲ, ಎಷ್ಟು ಎಳೆದರೂ ಹರಿಯದೆ ಬಗ್ಗುತ್ತದೆ, ವೆಲ್ಡಿಂಗಿಗೂ ಒಗ್ಗುತ್ತದೆ. ಸಿಂಕು, ಚೊಂಬು, ಹಾಲಿನ ಟ್ಯಾಂಕ್ ಎಲ್ಲಕ್ಕೂ ಇದು ಒಪ್ಪುವುದು ಅದಕ್ಕೇ. ಇದಕ್ಕೆ ಶೇ. 2ರಿಂದ 3ರಷ್ಟು ಮಾಲಿಬ್ಡಿನಂ ಸೇರಿಸಿ, ನಿಕಲ್ 10ರ ಮೇಲಕ್ಕೆ ಏರಿಸಿದರೆ 316. ಮಂಗಳೂರು, ಮಲ್ಪೆಯಂಥ ಕಡಲ ತೀರದಲ್ಲಿ ಮನೆಯ ರೇಲಿಂಗಿಗೆ ಇದು ಬೇಕು. ಮೈಸೂರಿನ ಗಾಳಿಗೆ 304 ಸಾಕು, 316 ಹಾಕಿಸಿದರೆ ದುಡ್ಡು ದಂಡ. 310ರಲ್ಲಿ 25 ಕ್ರೋಮಿಯಂ, 20 ನಿಕಲ್ ಇದ್ದು, 1000 ಡಿಗ್ರಿ ಸೆಲ್ಸಿಯಸ್ ದಾಟಿದ ಕುಲುಮೆಯ ಭಾಗಗಳಿಗೆ ಬಳಸುತ್ತಾರೆ.

ನಿಕಲ್ ದುಬಾರಿ. ಅದನ್ನು ಉಳಿಸಲು ಮ್ಯಾಂಗನೀಸ್ ಮತ್ತು ನೈಟ್ರೋಜನ್ ಹಾಕಿ ಮಾಡಿದ್ದು 200 ಸರಣಿ. 202ರಲ್ಲಿ 4ರಿಂದ 6 ನಿಕಲ್ ಇರಬೇಕು. ನಮ್ಮ ಮಾರುಕಟ್ಟೆಯಲ್ಲಿ ಜೆ4 ಎಂದು ಕರೆಯುವ ಮಾಲಿನಲ್ಲಿ ನಿಕಲ್ ಒಂದರ ಆಸುಪಾಸು, ಕ್ರೋಮಿಯಂ 15-16, ಮ್ಯಾಂಗನೀಸ್ ಮಾತ್ರ 9ರ ಹತ್ತಿರ. ನೋಡಲು 304ರ ಹಾಗೇ ಹೊಳೆಯುತ್ತದೆ, ಮ್ಯಾಗ್ನೆಟ್ ಕೂಡ ಅಂಟುವುದಿಲ್ಲ. ಒಣಗಿರುವ ಡಬ್ಬಿ, ತಟ್ಟೆ, ಒಳಾಂಗಣದ ಕುರ್ಚಿ ಕಾಲಿಗೆ ಬಳಸಿದರೆ ತೊಂದರೆ ಏನಿಲ್ಲ. ಮಳೆಗೆ ಒಡ್ಡಿದ ಗೇಟು, ರೇಲಿಂಗಿಗೆ ಹಾಕಿದರೆ ವೆಲ್ಡಿಂಗ್ ಜಾಗದಿಂದ ಕಂದು ಕಣ್ಣೀರು ಇಳಿಯಲು ಶುರು. ಇದಕ್ಕೆ ಇನ್ನೊಂದು ಕಾಟವೂ ಇದೆ. ಎಳೆದಷ್ಟೂ ಗಟ್ಟಿಯಾಗುವ ಗುಣದಿಂದ ಲೋಹದ ಒಳಗೆ ಬಿಗಿತ ಉಳಿದುಬಿಡುತ್ತದೆ. ಆಳವಾಗಿ ಎಳೆದು ಮಾಡಿದ ಲೋಟ ಅಥವಾ ಚೊಂಬು ಅಂಗಡಿಯ ಕಪಾಟಿನಲ್ಲಿ ಯಾರೂ ಮುಟ್ಟದೆ ಕೂತಿದ್ದಾಗಲೇ ಕಂಠದಿಂದ ಕೆಳಕ್ಕೆ ಸೀಳಬಹುದು. ಗ್ರಾಹಕ ಬೀಳಿಸಿದ್ದಾನೆ ಎಂದು ಅಂಗಡಿಯವರು ವಾದಿಸುವ ಎಷ್ಟೋ ಬಿರುಕುಗಳ ಮೂಲ ಇದೇ.

400 ಸರಣಿಯಲ್ಲಿ ಎರಡು ಬಗೆ. 430, 409, 439, 444 ಇವು ಫೆರಿಟಿಕ್, ಅಂದರೆ ಹರಳುಗಳ ಜೋಡಣೆ ಫೆರೈಟ್ ಎಂಬ ಬಗೆಯದು. ನಿಕಲ್ ಇಲ್ಲ, ಮ್ಯಾಗ್ನೆಟ್ ಹಿಡಿಯುತ್ತದೆ, ಶಾಖವನ್ನು 304ಕ್ಕಿಂತ ಚೆನ್ನಾಗಿ ಹರಿಸುತ್ತದೆ, ಬಿಸಿಗೆ ಕಡಿಮೆ ಹಿಗ್ಗುತ್ತದೆ. 11 ಕ್ರೋಮಿಯಂ ಇರುವ 409 ವಾಹನಗಳ ಸೈಲೆನ್ಸರಿಗೆ ಹೋಗುತ್ತದೆ. ಅದರ ಮೈ ಕಂದಾಗುತ್ತದೆ, ಆದರೆ ತೂತಾಗಲು ವರ್ಷಗಳು ಬೇಕು. ಇಂಡಕ್ಷನ್ ಒಲೆಯ ಪಾತ್ರೆಗಳ ತಳದಲ್ಲಿ ಹೊರ ಪದರ 430, ಮಧ್ಯೆ ಅಲ್ಯೂಮಿನಿಯಂ, ಒಳಗೆ 304. ಮ್ಯಾಗ್ನೆಟ್‌ಗೆ ಅಂಟದ ತಳವಿದ್ದರೆ ಇಂಡಕ್ಷನ್ ಒಲೆ ಆ ಪಾತ್ರೆಯನ್ನು ಬಿಸಿ ಮಾಡುವುದೇ ಇಲ್ಲ. ಇಲ್ಲಿ ಅಂಟುವುದೇ ಅರ್ಹತೆ.

ಇನ್ನೊಂದು ಬಗೆ ಮಾರ್ಟೆನ್ಸಿಟಿಕ್: 410, 420, 440 ಸಿ. ಇವುಗಳಲ್ಲಿ ಇಂಗಾಲ ಜಾಸ್ತಿ, ಕಾಯಿಸಿ ತಣಿಸಿದರೆ ಗಡಸಾಗುತ್ತವೆ. ಚಾಕು, ಕತ್ತರಿ, ಪಂಪಿನ ಶಾಫ್ಟು ಇವುಗಳಿಂದಾಗುತ್ತವೆ. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ ಎರಕ ಹೊಯ್ದ, ಶೇ. 12.8 ಕ್ರೋಮಿಯಂ ಇದ್ದ ಸ್ಟೀಲು ಇದೇ ಜಾತಿಯದು. ಅಂದರೆ ಆ ಹೆಸರಾಂತ ಸ್ಟೇನ್‌ಲೆಸ್ ಸ್ಟೀಲೂ ಮ್ಯಾಗ್ನೆಟ್‌ಗೆ ಅಂಟುವಂಥದ್ದೇ! ಇಂಗಾಲ ಒಂದಿಷ್ಟು ಕ್ರೋಮಿಯಂ ಅನ್ನು ಕಟ್ಟಿಹಾಕುವುದರಿಂದ ಇವುಗಳ ತುಕ್ಕು ನಿರೋಧ ಕಡಿಮೆ. ಸ್ಟೀಲ್ ಚಾಕುವನ್ನು ಹುಣಸೆ ರಸ, ನಿಂಬೆ ಹುಳಿ ಸಮೇತ ರಾತ್ರಿಯಿಡೀ ಸಿಂಕಿನಲ್ಲಿ ಬಿಟ್ಟರೆ ಚುಕ್ಕೆ ಬೀಳುವುದು ಇದಕ್ಕೇ.

ಡ್ಯೂಪ್ಲೆಕ್ಸ್ ಅರ್ಧ ಆಸ್ಟೆನೈಟ್, ಅರ್ಧ ಫೆರೈಟ್. 304ರ ಶಕ್ತಿಗೆ ಹೋಲಿಸಿದರೆ 2205ರದ್ದು ಎರಡರಷ್ಟಕ್ಕಿಂತ ಹೆಚ್ಚು. ರಾಸಾಯನಿಕ ಕಾರ್ಖಾನೆ, ಉಪ್ಪುನೀರಿನ ಪೈಪುಗಳ ಲೋಹ ಅದು, 300 ಡಿಗ್ರಿ ಮೇಲೆ ಸತತವಾಗಿ ಬಳಸಬಾರದು. ತಾಮ್ರ ಸೇರಿಸಿ ಹದ ಮಾಡಿ ಗಡಸುಗೊಳಿಸುವ 17-4 ಪಿಎಚ್ ಎಂಬ ಗ್ರೇಡು ವಿಮಾನದ ಭಾಗ, ವಾಲ್ವಿನ ಕಾಂಡಗಳಿಗೆ ಹೋಗುತ್ತದೆ. ಮನೆ ಮಂದಿಗೆ ಇವೆರಡರ ಗೊಡವೆ ಬೇಡ.

ಅಡುಗೆಮನೆಯಲ್ಲಿ ಕೆಡುವುದು ಹೇಗೆ

ತಣ್ಣೀರಿಗೆ ಕಲ್ಲುಪ್ಪು ಹಾಕಿ ಒಲೆಯ ಮೇಲಿಟ್ಟರೆ ಉಪ್ಪು ತಳದಲ್ಲಿ ಕೂತು ಕರಗುವ ತನಕ ಆ ಜಾಗದಲ್ಲಿ ಕ್ಲೋರೈಡ್ ವಿಪರೀತವಾಗಿರುತ್ತದೆ. ಬಿಳಿ ಚುಕ್ಕೆಗಳಾಗಿ ಕಾಣುವ ಸಣ್ಣ ಗುಳಿಗಳು ಬೀಳುವುದು ಆಗಲೇ. ನೀರು ಕುದಿ ಬಂದ ಮೇಲೆ ಉಪ್ಪು ಹಾಕಿ ಕದಡಿದರೆ ತೊಂದರೆ ಮುಗಿಯಿತು. ಉಪ್ಪಿನಕಾಯಿ ಜಾಡಿಯಲ್ಲೇ ಇರಲಿ, 304 ಡಬ್ಬಿ ಕೂಡ ವರ್ಷಗಟ್ಟಲೆ ಉಪ್ಪು, ಹುಳಿ ಎರಡನ್ನೂ ತಡೆಯಲಾರದು. ಸಾರು, ಹುಳಿ ಒಂದು ದಿನ ಇದ್ದರೆ ಏನೂ ಆಗದು.

ಹೊಸ ಸ್ಟೀಲ್ ನಲ್ಲಿಗೆ, ಟವೆಲ್ ರಾಡಿಗೆ ತುಕ್ಕು ಬಂತು ಎಂಬ ದೂರಿನಲ್ಲಿ ಎಷ್ಟೋ ಸಲ ತಪ್ಪು ನಲ್ಲಿಯದಲ್ಲ, ಟೈಲ್ಸ್ ತೊಳೆದ ಆಸಿಡ್‌ನದು. ಮನೆ ಕಟ್ಟಿ ಮುಗಿಸುವಾಗ ಸಿಮೆಂಟ್ ಕಲೆ ತೆಗೆಯಲು ಸುರಿಯುವ ಹೈಡ್ರೋಕ್ಲೋರಿಕ್ ಆಸಿಡ್‌ನ ಹಬೆ ಸಾಕು, ಮುಟ್ಟಬೇಕೆಂದೇನಿಲ್ಲ. ಕಿಟಕಿ ಮುಚ್ಚಿದ ಬಾತ್‌ರೂಮಿನಲ್ಲಿ ಒಂದು ರಾತ್ರಿಗೆ 304 ಕೂಡ ಕಂದು ಹಿಡಿಯುತ್ತದೆ. ಫಿಟ್ಟಿಂಗ್ಸ್ ಹಾಕುವುದು ಆಸಿಡ್ ಕೆಲಸ ಮುಗಿದ ಮೇಲೆ ಎಂದು ಮೊದಲೇ ಹೇಳಿಬಿಡಿ. ಕಾಮನಬಿಲ್ಲಿನ ಬಣ್ಣದ ಕಲೆ ಮಾತ್ರ ತುಕ್ಕಲ್ಲ. ಖಾಲಿ ಪಾತ್ರೆ ಅತಿಯಾಗಿ ಕಾದಾಗ ಆಕ್ಸೈಡ್ ಪದರ ದಪ್ಪವಾಗಿರುತ್ತದೆ ಅಷ್ಟೆ. ನಿಂಬೆರಸ ಅಥವಾ ವಿನೆಗರ್ ಸವರಿದರೆ ಹೋಗುತ್ತದೆ.

ಸೋಲಾರ್ ಟ್ಯಾಂಕು: ಇಲ್ಲಿ ಮ್ಯಾಗ್ನೆಟ್ ಅಂಟುವ ಸ್ಟೀಲೇ ಮೇಲು

ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರು ಇಲ್ಲದಿದ್ದರೆ 1000ದವರೆಗೆ ಬಿಡಬಹುದು. 304ಕ್ಕೆ ತಣ್ಣೀರಿನಲ್ಲೇ ಸುಮಾರು 200 ದಾಟಿದರೆ ಅಪಾಯ ಶುರುವಾಗುತ್ತದೆ ಎಂಬುದು ರೂಢಿಯ ಲೆಕ್ಕ. ಅಂದರೆ ಮನುಷ್ಯರು ಕುಡಿಯಬಹುದಾದ ನೀರನ್ನು ಸ್ಟೀಲು ತಡೆಯದೇ ಹೋಗಬಹುದು.

ಮೈಸೂರಿನ ಮಹಡಿಗಳ ಮೇಲಿರುವ ಸೋಲಾರ್ ವಾಟರ್ ಹೀಟರ್‌ಗಳಲ್ಲಿ ಇದರ ಜೊತೆ ಬಿಸಿಯೂ ಸೇರುತ್ತದೆ. ಸುಮಾರು 60 ಡಿಗ್ರಿ ದಾಟಿದ ನೀರು, ಕ್ಲೋರೈಡ್, ವೆಲ್ಡಿಂಗ್ ಪಕ್ಕದಲ್ಲಿ ಉಳಿದ ಎಳೆತ ಈ ಮೂರೂ ಕೂಡಿದರೆ 304 ಕೂದಲೆಳೆಯಂತೆ ಬಿರುಕು ಬಿಡುತ್ತದೆ. ದಪ್ಪ ಸವೆದಿರುವುದಿಲ್ಲ, ಮೇಲೆ ತುಕ್ಕೂ ಕಾಣುವುದಿಲ್ಲ. ಒಂದು ದಿನ ಟ್ಯಾಂಕಿನ ಹೊದಿಕೆಯಿಂದ ನೀರು ತೊಟ್ಟಿಕ್ಕುತ್ತದೆ. ಅದಕ್ಕೆ ಮತ್ತೆ ವೆಲ್ಡಿಂಗ್ ಹಾಕಿಸಿದರೆ ಪಕ್ಕದಲ್ಲೇ ಹೊಸ ಎಳೆತ ಹುಟ್ಟಿ, ಒಂದೆರಡು ಇಂಚು ಆಚೆ ಇನ್ನೊಂದು ಬಿರುಕು ಬರುತ್ತದೆ. 316 ಕೂಡ ಈ ಕಾಯಿಲೆಗೆ ಪೂರ್ತಿ ಹೊರತಲ್ಲ. ಫೆರಿಟಿಕ್ 444ಕ್ಕೆ ಮಾತ್ರ ಈ ಬಿರುಕಿನ ಭಯ ಹೆಚ್ಚುಕಡಿಮೆ ಇಲ್ಲ. ಅದರಲ್ಲಿ 18 ಕ್ರೋಮಿಯಂ, 2 ಮಾಲಿಬ್ಡಿನಂ ಇದ್ದು, ಪಿಟ್ಟಿಂಗ್ ಲೆಕ್ಕದಲ್ಲೂ 316ಕ್ಕೆ ಸರಿಸಮ. ಬಿಸಿನೀರಿನ ಟ್ಯಾಂಕಿಗೆಂದೇ ಹೇಳಿ ಮಾಡಿಸಿದ ಲೋಹ. ಮ್ಯಾಗ್ನೆಟ್ ಹಿಡಿದು ಅದನ್ನು ಕಳಪೆ ಎಂದು ತಳ್ಳಿದರೆ ನಷ್ಟ ಯಾರಿಗೆ? ಬೋರ್‌ವೆಲ್ ನೀರು ಬಳಸುವವರು ಟ್ಯಾಂಕ್ ಕೊಳ್ಳುವ ಮೊದಲು ನೀರಿನ ಕ್ಲೋರೈಡ್ ಪರೀಕ್ಷೆ ಮಾಡಿಸಲಿ. 200ಕ್ಕಿಂತ ಮೇಲಿದ್ದರೆ 304 ಬೇಡ. 444 ಸಿಗದಿದ್ದರೆ ಗಾಜಿನ ಲೇಪದ ಟ್ಯಾಂಕು ನೋಡಲಿ.

ಆಲೆಮನೆಯ ಕೊಪ್ಪರಿಗೆ

ಮಂಡ್ಯ ಸೀಮೆಯ ಆಲೆಮನೆಗಳಲ್ಲಿ ಕಬ್ಬಿಣದ ಕೊಪ್ಪರಿಗೆಯ ಜಾಗಕ್ಕೆ ಸ್ಟೀಲಿನದು ತರಬೇಕೇ ಎಂಬ ಪ್ರಶ್ನೆ ಬಂದಾಗ ಮಾತು ಬೇಗ ಸೌದೆ ಖರ್ಚಿಗೆ ತಿರುಗುತ್ತದೆ. ಮೊದಲು ಬಣ್ಣದ ವಿಷಯ. ಕಬ್ಬಿನ ಹಾಲು ಹುಳಿ ಗುಣದ್ದು, ಪಿಎಚ್ 5ರಿಂದ 5.5ರ ಆಸುಪಾಸು. ಕಾಯಿಸುವಾಗ ಕಬ್ಬಿಣ ಕರಗಿ ಹಾಲಿಗೆ ಸೇರಿ, ಕಬ್ಬಿನ ಫಿನಾಲ್ ಅಂಶಗಳ ಜೊತೆ ಕೂಡಿ ಬೆಲ್ಲ ಕಪ್ಪಾಗುತ್ತದೆ. ಆಮೇಲೆ ಹೈಡ್ರೋಸ್ ಎಂಬ ರಾಸಾಯನಿಕ ಸುರಿದು ಬಿಳುಪು ತರುವ ಆಸೆ ಹುಟ್ಟುತ್ತದೆ. 304 ಕೊಪ್ಪರಿಗೆಯಲ್ಲಿ ಕರಗುವ ಕಬ್ಬಿಣ ಲೆಕ್ಕಕ್ಕಿಲ್ಲ.

ಇನ್ನು ಸೌದೆ. 304 ಶಾಖ ಹರಿಸುವುದು ಮಾಮೂಲಿ ಕಬ್ಬಿಣದ ಮೂರನೇ ಒಂದು ಭಾಗ, ಹಾಗಾಗಿ ಕಬ್ಬಿನ ಸಿಪ್ಪೆ ಹೆಚ್ಚು ಸುಡಬೇಕು ಎಂಬ ವಾದವಿದೆ. ಲೆಕ್ಕ ಹಾಕಿದರೆ ಇದು ನಿಲ್ಲುವುದಿಲ್ಲ. ಬೆಂಕಿಯ ಬಿಸಿಗಾಳಿಯಿಂದ ತಳಕ್ಕೆ ಶಾಖ ದಾಟುವುದೇ ದೊಡ್ಡ ಅಡ್ಡಿ. ಅದರ ಮುಂದೆ ಮೂರು ಮಿ.ಮೀ. ಸ್ಟೀಲಿನ ಅಡ್ಡಿ ನೂರರಲ್ಲಿ ಒಂದೆರಡು ಪಾಲು. ನಿಜವಾದ ತೊಂದರೆ ಬೇರೆ ಇದೆ. ಶಾಖ ಅಕ್ಕಪಕ್ಕಕ್ಕೆ ಹರಡುವುದಿಲ್ಲ, ಜ್ವಾಲೆ ನೇರ ತಾಗಿದ ಜಾಗ ಮಾತ್ರ ಕೆಂಡವಾಗುತ್ತದೆ. ಹಾಲು ತೆಳ್ಳಗಿರುವ ತನಕ ಕುದಿಯೇ ತಳವನ್ನು ತಣಿಸುತ್ತದೆ. ಪಾಕ ಗಟ್ಟಿಯಾಗಿ 116-118 ಡಿಗ್ರಿಗೆ ಬರುವ ಹೊತ್ತಿಗೆ ಚಲನೆ ನಿಂತು, ಅದೇ ಜಾಗದಲ್ಲಿ ಪಾಕ ಸೀಯುತ್ತದೆ. ಕೊನೆಯ ಹದದಲ್ಲಿ ಒಲೆಗೆ ಸಿಪ್ಪೆ ಹಾಕುವುದನ್ನು ಕಬ್ಬಿಣದ ಕೊಪ್ಪರಿಗೆಗಿಂತ ಮುಂಚೆಯೇ ನಿಲ್ಲಿಸಬೇಕು, ಕೈಯಾಡಿಸುವುದು ತಳ ಮುಟ್ಟಬೇಕು.

ಹಿಗ್ಗುವುದೂ ಜಾಸ್ತಿ. ಎರಡೂವರೆ ಮೀಟರ್ ಅಗಲದ ತಳ 30ರಿಂದ 120 ಡಿಗ್ರಿಗೆ ಕಾದರೆ ಕಬ್ಬಿಣ 2.7 ಮಿ.ಮೀ. ಬೆಳೆಯುತ್ತದೆ, 304 ಸುಮಾರು 3.8 ಮಿ.ಮೀ. ಅಂಚನ್ನು ಇಟ್ಟಿಗೆ ಕಟ್ಟಿನಲ್ಲಿ ಬಿಗಿಯಾಗಿ ಹೂತರೆ ತಳ ಮೇಲಕ್ಕೋ ಕೆಳಕ್ಕೋ ಉಬ್ಬಲೇಬೇಕು. ಉಬ್ಬಿದ ತಳದಲ್ಲಿ ಹಾಲು ಒಂದೇ ಆಳಕ್ಕೆ ನಿಲ್ಲದು. ಸುತ್ತ ಬೆರಳಗಲ ಸಂದು ಬಿಟ್ಟು ಮಣ್ಣಿನಿಂದ ಮೆತ್ತಿದರೆ ಸಾಕು. ಹಣ ಉಳಿಸಲು 200 ಸರಣಿಯ ಶೀಟು ತಂದು ಕೊಪ್ಪರಿಗೆ ಮಾಡಿಸುವುದು ಮಾತ್ರ ಬೇಡ. ಹುಳಿ, ಬಿಸಿ, ವೆಲ್ಡಿಂಗ್ ಮೂರೂ ಇರುವ ಕಡೆ ಅದು ಬಾಳುವುದಿಲ್ಲ.

ವೆಲ್ಡಿಂಗಿನಲ್ಲಿ ಆಗುವ ಎಡವಟ್ಟು

304ಕ್ಕೆ ತುಂಬುವ ಕಡ್ಡಿ 308 ಎಲ್, 316ಕ್ಕೆ 316 ಎಲ್, ಸ್ಟೀಲನ್ನು ಮಾಮೂಲಿ ಕಬ್ಬಿಣಕ್ಕೆ ಸೇರಿಸುವಾಗ 309 ಎಲ್. ಎಲ್ ಎಂದರೆ ಇಂಗಾಲ ಶೇ. 0.03ಕ್ಕಿಂತ ಕಡಿಮೆ. ಲೋಹ 450ರಿಂದ 850 ಡಿಗ್ರಿ ನಡುವೆ ಹೆಚ್ಚು ಹೊತ್ತು ನಿಂತರೆ ಇಂಗಾಲ ಕ್ರೋಮಿಯಂ ಅನ್ನು ಹಿಡಿದುಕೊಂಡು ಹರಳುಗಳ ಅಂಚಿಗೆ ಸೇರುತ್ತದೆ, ಅಲ್ಲಿ ಕಾಪಾಡುವ ಪದರ ಕಟ್ಟುವುದಿಲ್ಲ. ವೆಲ್ಡಿಂಗ್ ಗೆರೆಯ ಪಕ್ಕದಲ್ಲಿ, ಅದಕ್ಕೆ ಸಮಾನಾಂತರವಾಗಿ ತುಕ್ಕಿನ ಗೆರೆ ಬಂದರೆ ಇದೇ ಕಾರಣ. ತೆಳು ಶೀಟು ಬೇಗ ತಣಿಯುವುದರಿಂದ ಅಷ್ಟು ಭಯವಿಲ್ಲ, 6 ಮಿ.ಮೀ. ಮತ್ತು ಮೇಲಿನ ಪ್ಲೇಟಿಗೆ 304 ಎಲ್ ಕೇಳಿ.

ಒಂದೂವರೆ ಮಿ.ಮೀ. ಶೀಟಿಗೆ ಟಿಗ್‌ನಲ್ಲಿ (ಆರ್ಗಾನ್ ಅನಿಲದ ರಕ್ಷಣೆಯಲ್ಲಿ ಮಾಡುವ ವೆಲ್ಡಿಂಗ್) 50-60 ಆಂಪಿಯರ್ ಸಾಕು. ಟ್ಯಾಕ್‌ಗಳನ್ನು, ಅಂದರೆ ಶೀಟು ಅಲುಗದಂತೆ ಮೊದಲು ಹಾಕುವ ಚುಕ್ಕೆ ವೆಲ್ಡಿಂಗ್‌ಗಳನ್ನು, ಕಬ್ಬಿಣಕ್ಕಿಂತ ಹತ್ತಿರ ಹತ್ತಿರ, 40-50 ಮಿ.ಮೀ.ಗೆ ಒಂದರಂತೆ ಹಾಕದಿದ್ದರೆ ಶೀಟು ಸೊಟ್ಟಗಾಗುತ್ತದೆ. ಹಾಲು, ನೀರಿನ ಪೈಪಾದರೆ ಒಳಗೂ ಆರ್ಗಾನ್ ಬಿಡಬೇಕು. ಬಿಡದಿದ್ದರೆ ಒಳಮೈ ಕರಿ ಹುರುಕು ಕಟ್ಟಿ, ಅದರ ಸಂದುಗಳಲ್ಲಿ ಹಾಲು ಕೂತು ಕೊಳೆಯುತ್ತದೆ. ಮುಗಿದ ಮೇಲೆ ಬಣ್ಣ ನೋಡಿ. ತೆಳು ಹುಲ್ಲಿನ ಹಳದಿ ಪರವಾಗಿಲ್ಲ, ನೀಲಿ ಅಥವಾ ಕಪ್ಪು ಇದ್ದರೆ ಆ ಬಣ್ಣದ ಪದರ ತೆಗೆಯುವ ಪಿಕ್ಲಿಂಗ್ ಪೇಸ್ಟ್ ಹಚ್ಚಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ಧಾರಾಳ ನೀರಿನಲ್ಲಿ ತೊಳೆಯಬೇಕು. ಆ ಪೇಸ್ಟಿನಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ಇರುತ್ತದೆ. ಚರ್ಮಕ್ಕೆ ತಾಗಿದರೆ ಮೊದಮೊದಲು ಉರಿಯೂ ಗೊತ್ತಾಗದೆ ಮೂಳೆಯವರೆಗೆ ಇಳಿಯುತ್ತದೆ. ಗ್ಲೌಸ್, ಕನ್ನಡಕ, ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಇಲ್ಲದೆ ಡಬ್ಬಿ ತೆರೆಯಬೇಡಿ.

ಹೊಸ 304 ರೇಲಿಂಗಿನ ಮೈತುಂಬ ಚುಕ್ಕೆ ಚುಕ್ಕೆ ತುಕ್ಕು ಬಂದರೆ ಗುಮಾನಿ ಪಡಬೇಕಾದ್ದು ಗ್ರೈಂಡರ್ ಮೇಲೆ. ಕಬ್ಬಿಣದ ಗೇಟು ಉಜ್ಜಿದ ಡಿಸ್ಕನ್ನೇ ಇದಕ್ಕೂ ಬಳಸಿದ್ದರೆ, ಪಕ್ಕದಲ್ಲೇ ಕಬ್ಬಿಣ ಕತ್ತರಿಸಿದ್ದರೆ, ಆ ಪುಡಿ ಸ್ಟೀಲಿನ ಮೈಗೆ ಚುಚ್ಚಿಕೊಂಡು ತುಕ್ಕಾಗುತ್ತದೆ. ಡಿಸ್ಕು, ವೈರ್ ಬ್ರಶ್ಶು ಸ್ಟೀಲಿಗೆಂದೇ ಬೇರೆ ಇರಬೇಕು. ನಟ್ಟು ಬೋಲ್ಟಿನ ಮೇಲೆ ಎ2 ಎಂದಿದ್ದರೆ 304ರ ಜಾತಿ, ಎ4 ಎಂದಿದ್ದರೆ 316ರದು. ಇವನ್ನು ಇಂಪ್ಯಾಕ್ಟ್ ಗನ್ನಿನಲ್ಲಿ ಒಣಗಿದಂತೆಯೇ ತಿರುಗಿಸಿದರೆ ತಿರುಪಿನ ಸುತ್ತುಗಳು ಒಂದಕ್ಕೊಂದು ಕಚ್ಚಿ ಜಾಮ್ ಆಗುತ್ತವೆ, ಕತ್ತರಿಸದೆ ಬಿಡಿಸಲಾಗದು. ಹಾಗೆ ಕಚ್ಚದಂತೆ ತಡೆಯುವ ಆಂಟಿ ಸೀಜ್ ಪೇಸ್ಟ್ ಹಚ್ಚಿ ನಿಧಾನವಾಗಿ ಬಿಗಿಯಿರಿ.

ಕೊಳ್ಳುವಾಗ

ಮ್ಯಾಗ್ನೆಟ್ ಪೂರ್ತಿ ಬಿಸಾಡಬೇಕಿಲ್ಲ. ಶೀಟಿನ ನಡುವೆ ಗಟ್ಟಿಯಾಗಿ ಅಂಟಿದರೆ ಅದು 304 ಅಲ್ಲ, ಇಷ್ಟು ಖಚಿತ. ಸಿಂಕಿನ ಮೂಲೆ, ಪಾತ್ರೆಯ ಅಂಚಿನಲ್ಲಿ ಸ್ವಲ್ಪ ಎಳೆದರೆ ಗಾಬರಿ ಬೇಡ, 304ನ್ನು ಬಗ್ಗಿಸಿದಾಗ ಆ ಜಾಗ ಒಂಚೂರು ಮಾರ್ಟೆನ್ಸೈಟ್ ಎಂಬ, ಮ್ಯಾಗ್ನೆಟ್ ಹಿಡಿಯುವ ಜೋಡಣೆಗೆ ತಿರುಗುತ್ತದೆ. 304 ಯಾವುದು, 200 ಸರಣಿ ಯಾವುದು ಎಂದು ಬೇರ್ಪಡಿಸಲು ಪರೀಕ್ಷೆಯ ದ್ರಾವಣ ಸಿಗುತ್ತದೆ. ಹನಿ ಹಾಕಿ, ಕಿಟ್‌ನಲ್ಲಿ ಕೊಟ್ಟ ಬ್ಯಾಟರಿ ತಾಗಿಸಿ, ಬಣ್ಣವನ್ನು ಅದರ ಚಾರ್ಟಿಗೆ ಹೋಲಿಸಬೇಕು. ದೊಡ್ಡ ಗುಜರಿ ವ್ಯಾಪಾರಿಗಳ ಬಳಿ ಎಕ್ಸ್‌ಆರ್‌ಎಫ್ ಗನ್ (ಎಕ್ಸ್-ರೇ ಬಿಟ್ಟು ಲೋಹದಲ್ಲಿ ಏನೇನಿದೆ ಎಂದು ಅಳೆಯುವ ಯಂತ್ರ) ಇರುತ್ತದೆ, ಕೆಲವೇ ಸೆಕೆಂಡುಗಳಲ್ಲಿ ನಿಕಲ್, ಕ್ರೋಮಿಯಂ, ಮಾಲಿಬ್ಡಿನಂ ಪ್ರಮಾಣ ತೋರಿಸುತ್ತದೆ. ಇಂಗಾಲವನ್ನು ಅದು ಅಳೆಯಲಾರದು, ಹಾಗಾಗಿ 304 ಮತ್ತು 304 ಎಲ್ ನಡುವಿನ ವ್ಯತ್ಯಾಸ ಅದರಿಂದ ತಿಳಿಯದು.

ಗ್ರೇಡಿನಷ್ಟೇ ಮೋಸ ದಪ್ಪದಲ್ಲೂ ಇದೆ. ಶೀಟಿನ ತೂಕಕ್ಕೆ ಉದ್ದ ಮೀಟರ್, ಅಗಲ ಮೀಟರ್, ದಪ್ಪ ಮಿ.ಮೀ. ಮೂರನ್ನೂ ಗುಣಿಸಿ 7.93ರಿಂದ ಗುಣಿಸಿ: 8 ಅಡಿಗೆ 4 ಅಡಿಯ 1 ಮಿ.ಮೀ. ಶೀಟು 23.6 ಕಿಲೋ ತೂಗಬೇಕು. 2 ಇಂಚಿನ, 20 ಅಡಿಯ ಪೈಪು ಒಂದೂವರೆ ಮಿ.ಮೀ. ದಪ್ಪವಿದ್ದರೆ ಸುಮಾರು 11 ಕಿಲೋ, 1.2 ಇದ್ದರೆ 9 ಕಿಲೋ. ರೇಲಿಂಗನ್ನು ಅಡಿ ಲೆಕ್ಕದಲ್ಲಿ ಮಾತಾಡುವವರು ಈ ಎರಡು ಕಿಲೋದಲ್ಲೇ ಲಾಭ ಹೊಡೆಯುತ್ತಾರೆ, ಮಾತು ಕಿಲೋ ಲೆಕ್ಕದಲ್ಲಿರಲಿ. ಪಾತ್ರೆಗಾದರೆ ಐಎಸ್ 14756 ಸಂಖ್ಯೆಯ ಜೊತೆ ಐಎಸ್‌ಐ ಗುರುತು ನೋಡಿ. ಕೊಪ್ಪರಿಗೆ, ಟ್ಯಾಂಕಿನಂಥ ದೊಡ್ಡ ಕೆಲಸಕ್ಕೆ ಬಿಲ್ಲಿನಲ್ಲಿ ಬರೀ ‘ಎಸ್‌ಎಸ್’ ಎಂದಿದ್ದರೆ ಒಪ್ಪಬೇಡಿ. ಗ್ರೇಡ್ ಬರೆಸಿ, ಮಿಲ್ಲಿನ ಟೆಸ್ಟ್ ಸರ್ಟಿಫಿಕೇಟ್ ಪ್ರತಿ ಕೇಳಿ, ಅದರ ಹೀಟ್ ನಂಬರ್ (ಲೋಹ ಕರಗಿಸಿದ ತಂಡದ ಸಂಖ್ಯೆ) ಶೀಟಿನ ಮೇಲೆ ಅಚ್ಚಾಗಿರುವ ನಂಬರಿಗೆ ಹೊಂದುತ್ತದೆಯೇ ನೋಡಿ. ಆ ನಂಬರಿನ ಫೋಟೊವನ್ನು ಶೀಟು ಕತ್ತರಿಸುವ ಮೊದಲೇ ತೆಗೆದಿಟ್ಟುಕೊಳ್ಳಿ, ಆಮೇಲೆ ಕೇಳಿದರೆ ನಂಬರಿದ್ದ ತುಂಡು ಗುಜರಿ ಸೇರಿರುತ್ತದೆ.